ಮೂತ್ರ ಕಟ್ಟಿದಾಗ ಕಷಾಯ ಕುಡಿಸಬಹುದೇ?

ಪ್ರಶ್ನೆ: ನಮ್ಮ ಮಾವನವರಿಗೆ 67 ವರ್ಷ, ಒಕ್ಕಲುತನ ಮಾಡುತ್ತಾರೆ. ಹನ್ನೆರಡು ವರ್ಷಗಳಿಂದ ಸಕ್ಕರೆ ಕಾಯಿಲೆ ಇದೆ, ಮಲಬದ್ಧತೆಯೂ ಇದೆ. ಕಳೆದ ತಿಂಗಳು ಮೆಣಸಿನಕಾಯಿ ಚೀಲಗಳನ್ನು ಪೇಟೆಗೆ ಹಾಕಿ, ಇಡೀ ದಿನ ಟೆಂಡರ್ ಕಾಯುತ್ತ ಕುಳಿತು ಮನೆಗೆ ಬಂದ ರಾತ್ರಿ, ನೆಗಡಿಗೆಂದು ಮೆಡಿಕಲ್ ಅಂಗಡಿಯ ಗುಳಿಗೆ ನುಂಗಿ ಮಲಗಿದರು. ಬೆಳಗಿನ ಜಾವ “ತುಂಬೇತಿ, ಬರವಲ್ದು” ಎಂದು ಕಿಬ್ಬೊಟ್ಟೆ ಹಿಡಿದುಕೊಂಡು ಒದ್ದಾಡಿದರು. ಎರಡು ಚೊಂಬು ಬಾರ್ಲಿ ನೀರು ಕುಡಿಸಿದೆವು, ಸಂಕಟ ಹೆಚ್ಚಾಯಿತು. ಆಸ್ಪತ್ರೆಯಲ್ಲಿ ಪೈಪ್ ಹಾಕಿ 900 ಮಿ.ಲೀ. ಮೂತ್ರ ತೆಗೆದರು, ಐದನೆಯ ದಿನ ಪೈಪ್ ತೆಗೆದರು. ಈಗ ಮೂತ್ರ ಹೋಗುತ್ತದೆ, ಆದರೆ ಧಾರೆ ಸಣ್ಣ, ರಾತ್ರಿ ನಾಲ್ಕು ಸಲ ಏಳುತ್ತಾರೆ. ಆಸ್ಪತ್ರೆಯ ಗುಳಿಗೆಯ ಜೊತೆಗೆ ನೆಗ್ಗಿಲು ಕಷಾಯ, ಬಾಳೆದಿಂಡಿನ ರಸ ಕೊಡುತ್ತಿದ್ದೇವೆ. ಇದು ಏಕಾಯಿತು? ಮತ್ತೆ ಆಗದಂತೆ ಸಹಜವಾಗಿ ಏನು ಮಾಡಬಹುದು?
– ಒಬ್ಬ ಸೊಸೆ, ಬ್ಯಾಡಗಿ ತಾಲ್ಲೂಕು

ಉತ್ತರ: ಬಾರ್ಲಿ ನೀರಿನಿಂದಲೇ ಆರಂಭಿಸುತ್ತೇನೆ, ಏಕೆಂದರೆ ಮೂತ್ರ ಕಟ್ಟಿದವರ ಮನೆಗಳಲ್ಲಿ ನಾನು ಮತ್ತೆ ಮತ್ತೆ ಕೇಳುವ ತಪ್ಪು ಅದು. ಮೂತ್ರ ಬರುತ್ತಿಲ್ಲ ಎಂದರೆ ಮೂತ್ರ ಕಡಿಮೆಯಾಗಿದೆ ಎಂದು ಮನೆಯವರು ತಿಳಿಯುತ್ತಾರೆ. ನಿಮ್ಮ ಮಾವನವರ ಮೂತ್ರಪಿಂಡಗಳು ಆ ರಾತ್ರಿಯೂ ತಮ್ಮ ಕೆಲಸ ಮಾಡುತ್ತಲೇ ಇದ್ದವು. ಸಾಮಾನ್ಯವಾಗಿ 400ರಿಂದ 500 ಮಿ.ಲೀ. ಹಿಡಿಯುವ ಮೂತ್ರಕೋಶದಲ್ಲಿ ಅದರ ಇಮ್ಮಡಿ ನಿಂತಿತ್ತು. ತೂಬು ಕಟ್ಟಿಕೊಂಡ ಕೆರೆಗೆ ಹಳ್ಳದ ನೀರನ್ನು ಇನ್ನಷ್ಟು ತಿರುಗಿಸಿದರೆ ಏರಿಯ ಮೇಲೆ ಭಾರ ಬೀಳುತ್ತದೆಯೇ ಹೊರತು ತೂಬು ತೆರೆಯುವುದಿಲ್ಲ. ಬಾರ್ಲಿ ನೀರು, ನೆಗ್ಗಿಲು ಕಷಾಯ, ಬಾಳೆದಿಂಡಿನ ರಸ ಇವೆಲ್ಲವನ್ನೂ ನಮ್ಮ ಹಿರಿಯರು ಬಳಸುತ್ತ ಬಂದದ್ದು ಮೂತ್ರವನ್ನು ಹೆಚ್ಚಿಸಲೆಂದು. ದಾರಿ ಮುಚ್ಚಿರುವಾಗ ಅವು ನೋವನ್ನಷ್ಟೇ ಹೆಚ್ಚಿಸುತ್ತವೆ.

ಇನ್ನು ಕಾರಣದ ಮಾತು. ಮೂತ್ರ ಕಟ್ಟುವುದು ಎರಡು ರೀತಿಯಲ್ಲಿ: ಹೊರದಾರಿ ಇಕ್ಕಟ್ಟಾಗಬೇಕು, ಇಲ್ಲವೇ ಮೂತ್ರಕೋಶ ಹಿಂಡುವ ಬಲ ಕಳೆದುಕೊಳ್ಳಬೇಕು. ನಿಮ್ಮ ಪತ್ರದಲ್ಲಿ ಎರಡೂ ಇರುವಂತೆ ಕಾಣುತ್ತದೆ. ಈ ವಯಸ್ಸಿನ ಗಂಡಸರಲ್ಲಿ ಇಕ್ಕಟ್ಟಿಗೆ ಮೊದಲ ಕಾರಣ ಪ್ರಾಸ್ಟೇಟ್ ಗ್ರಂಥಿ. ಮೂತ್ರಕೋಶದ ಕತ್ತಿನ ಕೆಳಗೆ ಮೂತ್ರದ ದಾರಿಯನ್ನು ಸುತ್ತಿಕೊಂಡಿರುವ, ಹರೆಯದಲ್ಲಿ ಸುಮಾರು 20 ಗ್ರಾಂ ತೂಗುವ ಈ ಗ್ರಂಥಿ ವಯಸ್ಸಾದಂತೆ ಬೆಳೆಯುತ್ತದೆ. ಸ್ಕ್ಯಾನಿಂಗ್ ವರದಿಯಲ್ಲಿ ಗ್ರಂಥಿಯ ಗ್ರಾಂ ಲೆಕ್ಕ ನೋಡಿ ಗಾಬರಿಯಾಗುವವರು ಬಹಳ. ಆದರೆ ದೊಡ್ಡ ಗ್ರಂಥಿ ಇದ್ದೂ ಸರಾಗವಾಗಿ ಮೂತ್ರ ಮಾಡುವವರಿದ್ದಾರೆ, ಸಣ್ಣದಿದ್ದೂ ಕಟ್ಟಿಕೊಳ್ಳುವವರಿದ್ದಾರೆ. ದಾರಿಯಲ್ಲಿ ಕಲ್ಲು ಸಿಕ್ಕಿಕೊಂಡರೂ, ಹಳೆಯ ಗಾಯ ಅಥವಾ ಸೋಂಕಿನಿಂದ ದಾರಿ ಕಿರಿದಾಗಿದ್ದರೂ ಇದೇ ಆಗುತ್ತದೆ. ಅಪರೂಪಕ್ಕೆ ಪ್ರಾಸ್ಟೇಟ್ ಕ್ಯಾನ್ಸರ್ ಇರುವುದರಿಂದ ವೈದ್ಯರು ಬೆರಳಿನಿಂದ ಪರೀಕ್ಷಿಸುವುದನ್ನು ಸಂಕೋಚದಿಂದ ತಪ್ಪಿಸಬೇಡಿ.

ಹನ್ನೆರಡು ವರ್ಷಗಳ ಸಕ್ಕರೆ ಕಾಯಿಲೆ ಮೂತ್ರಕೋಶದ ನರಗಳನ್ನು ಮಂದಗೊಳಿಸಿರಬಹುದು. ಅಂಥವರಿಗೆ ತುಂಬಿದ ಅರಿವು ತಡವಾಗಿ ಬರುತ್ತದೆ. ಅಷ್ಟರಲ್ಲಿ ಮೂತ್ರಕೋಶ ಹಿಗ್ಗಿ ಸೋತಿರುತ್ತದೆ. ಪೇಟೆಯಲ್ಲಿ ದಿನವಿಡೀ ತಡೆದು ಕುಳಿತದ್ದು ಆ ಸೋಲಿಗೆ ಇನ್ನಷ್ಟು ಸೇರಿಸಿತು. ಮಲಬದ್ಧತೆಯಿಂದ ಗುದನಾಳ ತುಂಬಿ ಗಟ್ಟಿಯಾದಾಗ ಅದು ಮುಂದಿರುವ ಮೂತ್ರದ ದಾರಿಯನ್ನು ಒತ್ತುತ್ತದೆ. ಕೊನೆಯ ಏಟು, ನನ್ನ ಅಂದಾಜಿನಲ್ಲಿ, ನೆಗಡಿಯ ಗುಳಿಗೆಯದು. ಅಂಗಡಿಯಲ್ಲಿ ಚೀಟಿ ಇಲ್ಲದೆ ಕೊಡುವ ಬಹುತೇಕ ನೆಗಡಿ ಗುಳಿಗೆಗಳಲ್ಲಿ ಕ್ಲೋರ್‌ಫೆನಿರಮಿನ್ ಮತ್ತು ಫಿನೈಲ್‌ಎಫ್ರಿನ್ ಎಂಬ ಎರಡು ಔಷಧಗಳು ಜೊತೆಯಾಗಿರುತ್ತವೆ. ಮೊದಲನೆಯದು ಮೂತ್ರಕೋಶದ ಹಿಂಡುವ ಬಲವನ್ನು ತಗ್ಗಿಸುತ್ತದೆ, ಎರಡನೆಯದು ಕಟ್ಟಿದ ಮೂಗನ್ನು ಬಿಡಿಸುವಾಗಲೇ ಮೂತ್ರಕೋಶದ ಕತ್ತನ್ನು ಬಿಗಿಯುತ್ತದೆ. ಹೊಟ್ಟೆನೋವಿಗೆ ಕೊಡುವ ಡೈಸೈಕ್ಲೋಮಿನ್, ತೀವ್ರ ನೋವಿಗೆ ಕೊಡುವ ಟ್ರಮಡಾಲ್ ಕೂಡ ಇಂಥವರಿಗೆ ತೊಂದರೆ ಕೊಡಬಲ್ಲವು. ಉಬ್ಬಸಕ್ಕೆ ದತ್ತೂರಿ ಎಲೆಯ ಹೊಗೆ ಎಳೆಯುವ ಹಳೆಯ ರೂಢಿಯಲ್ಲೂ ಇದೇ ಅಪಾಯವಿದೆ. ಗಿಡದಿಂದ ಬಂದದ್ದೆಲ್ಲ ಸೌಮ್ಯ ಎಂದು ನಂಬುವವರಿಗಾಗಿ ಈ ಮಾತು. ಮುಂದೆ ಯಾವ ಅಂಗಡಿಗೆ ಹೋದರೂ “ಇವರಿಗೆ ಒಮ್ಮೆ ಮೂತ್ರ ಕಟ್ಟಿತ್ತು” ಎಂದು ಮೊದಲು ಹೇಳಿ, ಆಮೇಲೆ ಗುಳಿಗೆ ಕೇಳಿ.

ಸಹಜ ವಿಧಾನಗಳು ಖಂಡಿತ ಇವೆ, ಆದರೆ ಅವು ಕುಡಿಯುವ ಪದಾರ್ಥಗಳಿಗಿಂತ ಅಭ್ಯಾಸಗಳಲ್ಲಿ ಇವೆ. ಮಾವನವರು ಅವಸರವಾಗುವುದನ್ನು ಕಾಯದೆ, ಗಡಿಯಾರ ನೋಡಿ ಮೂರು ಮೂರೂವರೆ ಗಂಟೆಗೊಮ್ಮೆ ಹೋಗಲಿ. ಪೇಟೆಗೆ ಹೋದ ದಿನವೂ ಇದು ತಪ್ಪಬಾರದು. ನಿಂತು ಮಾಡುವ ಬದಲು ಕುಳಿತು, ತುಸು ಮುಂದೆ ಬಾಗಿ, ಅವಸರ ಮಾಡದೆ ಮೂತ್ರ ಮಾಡಲಿ. ಮುಗಿಯಿತು ಎನಿಸಿದ ಮೇಲೆ ಎದ್ದು ನಾಲ್ಕು ಹೆಜ್ಜೆ ಅಡ್ಡಾಡಿ, ಎರಡು ಮೂರು ನಿಮಿಷ ಬಿಟ್ಟು ಮತ್ತೆ ಕುಳಿತರೆ ಉಳಿದದ್ದರಲ್ಲಿ ಒಂದಷ್ಟು ಹೊರಬೀಳುತ್ತದೆ. ಈ ಎರಡನೆಯ ಸರದಿಯೇ ರಾತ್ರಿ ಏಳುವುದನ್ನು ಎಷ್ಟೋ ಜನರಲ್ಲಿ ಕಡಿಮೆ ಮಾಡುತ್ತದೆ. ನಲ್ಲಿ ಬಿಟ್ಟು ನೀರಿನ ಸದ್ದು ಕೇಳಿಸುವುದು, ಬೆಚ್ಚಗಿನ ನೀರು ತುಂಬಿದ ಅಗಲ ಪಾತ್ರೆಯಲ್ಲಿ ಹತ್ತು ನಿಮಿಷ ಕೂರಿಸುವುದು ಸ್ನಾಯುಗಳನ್ನು ಸಡಿಲಗೊಳಿಸುತ್ತವೆ. ಆದರೆ ಸಕ್ಕರೆ ಕಾಯಿಲೆಯವರಿಗೆ ಬಿಸಿಯ ಅರಿವು ಕಡಿಮೆ ಇರಬಹುದಾದ್ದರಿಂದ ನೀರಿನ ಬಿಸಿಯನ್ನು ಮನೆಯ ಬೇರೊಬ್ಬರು ಮೊಣಕೈ ಅದ್ದಿ ನೋಡಬೇಕು. ಕಿಬ್ಬೊಟ್ಟೆಯನ್ನು ಕೈಯಿಂದ ಬಲವಾಗಿ ಒತ್ತಿ ಮೂತ್ರ ಹೊರಡಿಸುವುದು ಬೇಡ, ಮೂತ್ರ ಹಿಮ್ಮುಖವಾಗಿ ಮೂತ್ರಪಿಂಡದ ಕಡೆಗೆ ನುಗ್ಗಬಹುದು.

ನೀರನ್ನು ಹಗಲಿನಲ್ಲಿ ಹಂಚಿಕೊಂಡು ಕುಡಿಯಲಿ, ಮಲಗುವ ಎರಡು ಮೂರು ಗಂಟೆ ಮೊದಲೇ ನಿಲ್ಲಿಸಲಿ. ಸಂಜೆಯ ಚಹಾ ಬಿಡಲಿ. ಮದ್ಯದ ಅಭ್ಯಾಸವಿದ್ದರೆ ಅದನ್ನು ಪೂರ್ತಿ ಬಿಡಲಿ. ಮಲಬದ್ಧತೆಗೆ ನಮ್ಮ ಕಡೆಯ ಊಟದಲ್ಲೇ ಮದ್ದಿದೆ: ಜೋಳದ ರೊಟ್ಟಿ, ಹೆಸರುಕಾಳು, ಹಕ್ಕರಕಿ, ಮೆಂತ್ಯ ಪಲ್ಯ ಮತ್ತು ದಿನಕ್ಕೆ ಎರಡು ಚಮಚ ಅಗಸಿ ಚಟ್ನಿ.

ನೆಗ್ಗಿಲು ಮತ್ತು ಬಾಳೆದಿಂಡನ್ನು ಸದ್ಯಕ್ಕೆ ನಿಲ್ಲಿಸಿ. ಮೂತ್ರ ಬಹಳ ಕಾಲ ನಿಂತು ಮೂತ್ರಪಿಂಡಕ್ಕೆ ಪೆಟ್ಟು ಬಿದ್ದಿದ್ದರೆ ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯಕ್ಕೆ ತೊಂದರೆಯಾಗಬಹುದು. ಬಾಳೆದಿಂಡಿನ ರಸ ಮತ್ತು ಎಳನೀರು ಎರಡರಲ್ಲೂ ಪೊಟ್ಯಾಸಿಯಂ ಹೆಚ್ಚಿದೆ. ಮೂತ್ರಪಿಂಡದ ಕೆಲಸವನ್ನು ತೋರಿಸುವ ಕ್ರಿಯಾಟಿನಿನ್ ಎಂಬ ರಕ್ತಪರೀಕ್ಷೆಯ ಫಲ ಬರುವವರೆಗೆ ಅವನ್ನು ಕೊಡದಿರುವುದು ಒಳಿತು. ಅದರ ಜೊತೆಗೆ ಮೂತ್ರ ಪರೀಕ್ಷೆ, ಮತ್ತು ಮೂತ್ರ ಮಾಡಿದ ಕೂಡಲೇ ಒಳಗೆ ಎಷ್ಟು ಉಳಿದಿದೆ ಎಂದು ನೋಡುವ ಸ್ಕ್ಯಾನಿಂಗ್ ಮಾಡಿಸಿ. 50 ಮಿ.ಲೀ. ಒಳಗಿದ್ದರೆ ಸಮಾಧಾನ, 300 ಮಿ.ಲೀ. ಮೀರಿದ್ದರೆ ನೋವಿಲ್ಲದಿದ್ದರೂ ಕಾಯಬಾರದು, ಹುಬ್ಬಳ್ಳಿಯ ಕೆಎಂಸಿಆರ್‌ಐ, ಅಂದರೆ ಹಿಂದಿನ ಕಿಮ್ಸ್‌ನಂಥ ದೊಡ್ಡ ಆಸ್ಪತ್ರೆಯಲ್ಲಿ ಮೂತ್ರಾಂಗ ತಜ್ಞರಿಗೆ ತೋರಿಸಿ. ಹೋಗುವ ಮುನ್ನ ಮೂರು ದಿನ, ಎಷ್ಟು ಗಂಟೆಗೆ ಎಷ್ಟು ಮೂತ್ರವಾಯಿತು ಎಂದು ಅಳತೆಯ ಲೋಟದಲ್ಲಿ ಹಿಡಿದು ಬರೆದಿಟ್ಟುಕೊಂಡರೆ ಆ ಒಂದು ಹಾಳೆ ನಮಗೆ ಬಹಳಷ್ಟನ್ನು ಹೇಳುತ್ತದೆ.

ಆಸ್ಪತ್ರೆಯವರು ಕೊಟ್ಟ ಗುಳಿಗೆ ಟ್ಯಾಮ್ಸುಲೋಸಿನ್ ಆಗಿದ್ದರೆ, ಅದು ಮೂತ್ರಕೋಶದ ಕತ್ತನ್ನು ಸಡಿಲಿಸುವ ಔಷಧ, ನಿಲ್ಲಿಸಬೇಡಿ. ಅದರಿಂದ ಎದ್ದ ಕೂಡಲೇ ತಲೆ ಸುತ್ತಬಹುದು, ಆದ್ದರಿಂದ ರಾತ್ರಿ ಏಳುವಾಗ ಒಂದು ನಿಮಿಷ ಹಾಸಿಗೆಯ ಅಂಚಿನಲ್ಲಿ ಕುಳಿತು ಏಳಲಿ. ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯ ಯೋಚನೆಯಿದ್ದರೆ ಈ ಗುಳಿಗೆಯ ಹೆಸರನ್ನು ಕಣ್ಣಿನ ವೈದ್ಯರಿಗೆ ಮೊದಲೇ ಹೇಳಬೇಕು.

ಮತ್ತೆ ಪೂರ್ತಿ ಕಟ್ಟಿದರೆ ಮನೆಮದ್ದು ಹುಡುಕದೆ ಆಸ್ಪತ್ರೆಗೆ ಹೊರಡಿ. ವಾಹನ ಸಿಗದಿದ್ದರೆ 108ಕ್ಕೆ ಕರೆ ಮಾಡಿ. ಪೈಪ್ ಹಾಕುವ ಕೆಲಸ ತಾಲ್ಲೂಕು ಆಸ್ಪತ್ರೆಯಲ್ಲೇ ಆಗುತ್ತದೆ. ಚಳಿಜ್ವರ ಬಂದರೆ, ಮೂತ್ರದಲ್ಲಿ ರಕ್ತ ಕಂಡರೆ, ಸೊಂಟನೋವಿನ ಜೊತೆ ಕಾಲು ಅಥವಾ ಕೂರುವ ಜಾಗ ಜೋಮು ಹಿಡಿದರೆ ಅದೇ ದಿನ ತೋರಿಸಬೇಕು. ಹಾಸಿಗೆಯಲ್ಲಿ ಹನಿ ಹನಿಯಾಗಿ ಸೋರತೊಡಗಿದರೆ “ಕಟ್ಟಿಲ್ಲ, ಹೋಗುತ್ತಿದೆ” ಎಂದು ಸುಮ್ಮನಾಗಬೇಡಿ, ಅದು ಒಳಗೆ ತುಂಬಿ ಉಕ್ಕುತ್ತಿರುವ ಮೂತ್ರವೂ ಆಗಿರಬಹುದು.

ಪ್ರಶ್ನೆ: ನನಗೆ 38 ವರ್ಷ, ಗದಗದಲ್ಲಿ ಬಟ್ಟೆ ಅಂಗಡಿಯಲ್ಲಿ ಕೆಲಸ. ಅಲ್ಲಿ ಶೌಚಾಲಯ ಸರಿಯಿಲ್ಲದ್ದರಿಂದ ನೀರು ಕುಡಿಯದೆ ಸಂಜೆಯವರೆಗೆ ತಡೆದುಕೊಳ್ಳುತ್ತೇನೆ. ಈಗ ಮನೆಯಲ್ಲೂ ಮೂತ್ರ ಬಿಟ್ಟು ಬಿಟ್ಟು ಬರುತ್ತದೆ, ಪೂರ್ತಿಯಾಯಿತು ಎನಿಸುವುದಿಲ್ಲ. ತಲೆನೋವಿಗೆ ರಾತ್ರಿ ಒಂದು ಗುಳಿಗೆ ತೆಗೆದುಕೊಳ್ಳುತ್ತೇನೆ. ಇದು ಹೆಂಗಸರಿಗೂ ಆಗುತ್ತದೆಯೇ?

ಉತ್ತರ: ಆಗುತ್ತದೆ. ವರ್ಷಗಟ್ಟಲೆ ತಡೆದವರಲ್ಲಿ ಮೂತ್ರದ ದಾರಿಯ ಸುತ್ತಲಿನ ಸ್ನಾಯುಗಳು ಬಿಗಿಹಿಡಿಯುವುದನ್ನೇ ರೂಢಿ ಮಾಡಿಕೊಂಡು, ಸಡಿಲಿಸಬೇಕಾದಾಗಲೂ ಸಡಿಲುವುದಿಲ್ಲ. ಕೊಳಕು ತಗಲೀತೆಂದು ಅರ್ಧ ಬಗ್ಗಿ ನಿಂತು ಮೂತ್ರ ಮಾಡುವುದರಿಂದಲೂ ಅವು ಬಿಗಿಯುತ್ತವೆ. ಪೂರ್ತಿ ಕುಳಿತು, ಹೊಟ್ಟೆ ಉಬ್ಬುವಂತೆ ನಿಧಾನ ಉಸಿರೆಳೆದು ಬಿಡುತ್ತ, ಮುಕ್ಕದೆ ಮಾಡಿ. ಇಂಥ ತೊಂದರೆಗೆಂದು ಯಾರಾದರೂ ಸ್ನಾಯು ಬಿಗಿಯುವ ವ್ಯಾಯಾಮ ಹೇಳಿದ್ದರೆ ಸದ್ಯ ಬೇಡ; ನಿಮಗೆ ಬೇಕಿರುವುದು ಅದರ ವಿರುದ್ಧದ್ದು. ನೀರು ಬಿಡುವುದರಿಂದ ಮೂತ್ರ ಗಾಢವಾಗಿ ಉರಿಯೂ ಸೋಂಕೂ ಬರುತ್ತವೆ, ಆದ್ದರಿಂದ ಮೂತ್ರ ಪರೀಕ್ಷೆ ಮಾಡಿಸಿ. ಗರ್ಭಕೋಶದ ಗಡ್ಡೆ ಅಥವಾ ಜಾರಿದ ಗರ್ಭಕೋಶವೂ ದಾರಿಯನ್ನು ಒತ್ತಬಹುದಾದ್ದರಿಂದ ಸ್ತ್ರೀರೋಗ ತಜ್ಞರನ್ನೂ ಒಮ್ಮೆ ಕಾಣಿ. ತಲೆನೋವಿನ ಗುಳಿಗೆಯ ಹೆಸರನ್ನು ನೀವು ಬರೆದಿಲ್ಲ. ಅದು ಅಮಿಟ್ರಿಪ್ಟಿಲಿನ್ ಆಗಿದ್ದರೆ ಮೂತ್ರಕೋಶದ ಬಲವನ್ನು ತಗ್ಗಿಸುವ ಗುಣ ಅದಕ್ಕಿದೆ. ನೀವಾಗಿಯೇ ನಿಲ್ಲಿಸದೆ, ಬರೆದುಕೊಟ್ಟ ವೈದ್ಯರ ಬಳಿ ಚೀಟಿ ಹಿಡಿದು ಹೋಗಿ ಬದಲಿ ಕೇಳಿ.