‘ಅಥವಾ’ ಎಂಬ ತೂತು

ಪ್ರಿಯರೇ,

ಜಾವಾಸ್ಕ್ರಿಪ್ಟ್‌ನ ಫಿಲ್ಟರ್ (ಪಟ್ಟಿಯ ಒಂದೊಂದನ್ನೂ ಷರತ್ತಿಗೆ ಹಾಯಿಸಿ, ‘ಟ್ರೂ’ ಅಂದರೆ ನಿಜ ಎಂದು ಬಂದವನ್ನಷ್ಟೇ ಉಳಿಸಿಕೊಳ್ಳುವ ಪ್ರೋಗ್ರಾಮಿಂಗ್ ಜರಡಿ) ಕುರಿತು ನೀವು ಕಳುಹಿಸಿದ ಲೇಖನ ತಲುಪಿತು. ಭಾಷೆ ತಿಳಿಯಾಗಿದೆ, ಕಾಗುಣಿತ ಶುದ್ಧವಾಗಿದೆ. ಸಂತೋಷ. ಆದರೆ ಎರಡನೆಯ ಉದಾಹರಣೆಗೆ ಬರುವಷ್ಟರಲ್ಲಿ ನನ್ನ ಕಾಫಿ ಆರಿಹೋಯಿತು.

ಊರುಗಳ ಅರೇಯಿಂದ, ಅಂದರೆ ಪಟ್ಟಿಯಿಂದ, ಮೈಸೂರು, ಮಂಡ್ಯ ಎರಡನ್ನೂ ಕೈಬಿಡಬೇಕು. ಅದಕ್ಕೆ ನೀವು ಕೊಟ್ಟ ಷರತ್ತು: ‘ಊರು ಮೈಸೂರು ಅಲ್ಲದಿದ್ದರೆ ಅಥವಾ ಮಂಡ್ಯ ಅಲ್ಲದಿದ್ದರೆ ಟ್ರೂ, ಇಲ್ಲವಾದರೆ ಫಾಲ್ಸ್’. ಮೈಸೂರನ್ನೇ ಇದರೊಳಗೆ ಹಾಯಿಸಿ ನೋಡಿ. ಮೊದಲ ಭಾಗ ಸುಳ್ಳು. ಎರಡನೆಯದು? ಮೈಸೂರು ಮಂಡ್ಯವಲ್ಲವಲ್ಲ, ಹಾಗಾಗಿ ನಿಜ. ‘ಅಥವಾ’ಕ್ಕೆ ಒಂದು ನಿಜ ಸಾಕು, ಮೈಸೂರು ಪಾಸಾಯಿತು. ಮಂಡ್ಯದ್ದೂ ಅದೇ ಕಥೆ. ನಿಮ್ಮ ಜರಡಿಯಿಂದ ಅಕ್ಕಿಯೂ ಇಳಿಯಿತು, ಕಲ್ಲೂ ಇಳಿಯಿತು. ಅಂದರೆ ನೀವು ಇದನ್ನು ಒಮ್ಮೆಯೂ ಓಡಿಸಿ ನೋಡಿಲ್ಲ. ನನ್ನ ಸಿಟ್ಟು ಅದಕ್ಕೇ.

ಕನ್ನಡದಲ್ಲಿ ಬಾಯಿಬಿಟ್ಟು ಹೇಳಿಕೊಂಡಿದ್ದರೆ ತಪ್ಪುತ್ತಲೇ ಇರಲಿಲ್ಲ: ‘ಮೈಸೂರೂ ಅಲ್ಲ, ಮಂಡ್ಯವೂ ಅಲ್ಲ’. ಆ ಎರಡು ‘ಊ’ಗಳೇ ‘ಮತ್ತು’ವಿನ ಕೆಲಸ ಮಾಡುತ್ತವೆ. ‘ಇದು ಅಥವಾ ಅದು’ ಎಂಬುದನ್ನು ಅಲ್ಲಗಳೆದರೆ ‘ಇದೂ ಅಲ್ಲ, ಅದೂ ಅಲ್ಲ’ ಆಗುತ್ತದೆ. (ಈ ನಿಯಮ ಯಾರ ಹೆಸರಿನಲ್ಲಿದೆಯೋ ಆ ಗಣಿತಜ್ಞ ಅಗಸ್ಟಸ್ ಡಿ ಮಾರ್ಗನ್ 1806ರಲ್ಲಿ ಹುಟ್ಟಿದ್ದು ಮದುರೈಯಲ್ಲಿ.) ನಾಳೆ ಮೂರನೆಯ ಊರೂ ಸೇರುವುದಾದರೆ ಈ ಸರಪಳಿಯನ್ನೇ ಬಿಡಿ. ಬೇಡದ ಊರುಗಳನ್ನು ಒಂದು ಅರೇಯಲ್ಲಿಟ್ಟು, ಈ ಊರು ಅದರಲ್ಲಿ ಇಲ್ಲ ತಾನೇ ಎಂದು ಇನ್‌ಕ್ಲೂಡ್ಸ್‌ನಿಂದ ಕೇಳಿ. ಷರತ್ತು ಒಂದೇ ಉಳಿಯುತ್ತದೆ.

ಇನ್ನು ಆ ‘ಟ್ರೂ, ಇಲ್ಲವಾದರೆ ಫಾಲ್ಸ್’. ಹೋಲಿಕೆಯ ಫಲವೇ ಟ್ರೂ ಅಥವಾ ಫಾಲ್ಸ್ ಆಗಿರುವಾಗ ಅದಕ್ಕೆ ಇಫ್, ಎಲ್ಸ್‌ಗಳ ಮೆರವಣಿಗೆ ಏಕೆ? ಹೋಲಿಕೆಯನ್ನೇ ರಿಟರ್ನ್ ಮಾಡಿ, ಅಂದರೆ ಅದರ ಫಲವನ್ನೇ ಉತ್ತರವಾಗಿ ಕೊಡಿ, ಐದು ಸಾಲು ಒಂದಾಗುತ್ತದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೂ ಹೀಗೆಯೇ ಬರೆಯುತ್ತಿದ್ದೆ. ಹಿರಿಯರೊಬ್ಬರು ನನ್ನ ಕೋಡನ್ನು ಪ್ರಿಂಟ್ ತೆಗೆಸಿ, ಅಂಚಿನಲ್ಲಿ ಕೆಂಪು ಶಾಯಿಯಿಂದ ಬರೆದಿದ್ದರು: ‘ಊಟವಾಯಿತೇ ಎಂದು ಕೇಳಿದರೆ, ಆಗಿದ್ದರೆ ಹೌದು ಎನ್ನುತ್ತೇನೆ, ಆಗಿರದಿದ್ದರೆ ಇಲ್ಲ ಎನ್ನುತ್ತೇನೆ ಎಂದು ಉತ್ತರಿಸುತ್ತೀಯಾ?’ ಅವಮಾನದಿಂದ ಆ ಹಾಳೆಯನ್ನು ಹರಿದು ಹಾಕಿದೆ. ಮಧ್ಯಾಹ್ನ ಕ್ಯಾಂಟೀನಿನಲ್ಲಿ ಅವರೇ ಎದುರು ಕೂತು ‘ಊಟವಾಯಿತೇ?’ ಎಂದರು. ‘ಆಯಿತು’ ಎಂದಷ್ಟೇ ಹೇಳಿದೆ.

ನಿಮ್ಮ ಉಳಿದ ಉದಾಹರಣೆಗಳನ್ನು ನಾನು ಓದಿಲ್ಲ. ಇದನ್ನು ತಿದ್ದಿ, ಓಡಿಸಿ, ಯಾವ ಯಾವ ಊರು ಉಳಿಯಿತು ಎಂಬುದನ್ನೂ ಜೊತೆಗಿಟ್ಟು ಮತ್ತೆ ಕಳುಹಿಸಿ.

ಸಂಪಾದಕ