ಎಡಗೈ ಎಲ್ಲಿತ್ತು?

ಆತ್ಮೀಯರೇ,

ಸ್ಯಾನ್ ಹೋಸೆಯಿಂದ ನೀವು ಕಳಿಸಿದ ಲೇಖನ ತಲುಪಿತು. ಯಾರದೋ ಗ್ಯಾರೇಜಿನಲ್ಲಿ ಧೂಳು ತಿನ್ನುತ್ತಿದ್ದ ಫೆಂಡರ್ ಡಿಲಕ್ಸ್ ರಿವರ್ಬ್ ಎಂಬ ಹಳೆಯ ಗಿಟಾರ್ ಆಂಪ್ಲಿಫೈಯರನ್ನು ಕೊಂಡು ತಂದು, ನೀವೇ ಬಿಚ್ಚಿ ರಿಪೇರಿ ಮಾಡಿದ ಕಥೆ. ಭಾಷೆ ಚೆನ್ನಾಗಿದೆ. ಮಗಳು ಟಾರ್ಚ್ ಹಿಡಿದು ನಿಲ್ಲುವ ಭಾಗ ಇಷ್ಟವಾಯಿತು. ಆದರೆ ಈಗ ಇರುವ ಹಾಗೆ ಇದನ್ನು ನಾನು ಅಚ್ಚು ಹಾಕುವುದಿಲ್ಲ. ಕಾರಣ ಈ ಸಾಲು:

‘ಪ್ಲಗ್ ಕಿತ್ತೆ. ಇನ್ನೇನು ಭಯ ಎಂದು ಒಳಗೆ ಕೈ ಹಾಕಿದೆ.’

ಓದಿ ನನಗೆ ಸಿಟ್ಟೇ ಬಂತು. ಭಯಪಡಬೇಕಾದ್ದು ಅಲ್ಲೇ ಅಲ್ವಾ? ಅದು ಗಾಜಿನ ವಾಲ್ವ್‌ಗಳಿಂದ ನಡೆಯುವ ಆಂಪ್. ಅದರೊಳಗೆ ಕರೆಂಟು ಹಿಡಿದಿಟ್ಟುಕೊಳ್ಳುವ ಫಿಲ್ಟರ್ ಕೆಪಾಸಿಟರ್‌ಗಳಲ್ಲಿ 400 ವೋಲ್ಟ್‌ಗೂ ಜಾಸ್ತಿ ತುಂಬಿರುತ್ತದೆ. ಪ್ಲಗ್ ಕಿತ್ತ ಮೇಲೂ ಅದು ಒಳಗೇ ಉಳಿದಿರಬಹುದು. ನೀವು ಅದನ್ನು ಖಾಲಿ ಮಾಡಿದಿರಾ? ರೆಸಿಸ್ಟರನ್ನು ಎಲ್ಲಿಂದ ಎಲ್ಲಿಗೆ ಹಿಡಿದಿರಿ? ಮೀಟರ್ ಇಟ್ಟು ಅಂಕಿ ಇಳಿಯುವವರೆಗೆ ಕಾದಿರಾ? ಟಾರ್ಚ್ ಹಿಡಿದಿದ್ದ ಮಗಳು ಎಷ್ಟು ದೂರದಲ್ಲಿದ್ದಳು? ಇದ್ಯಾವುದೂ ಲೇಖನದಲ್ಲಿಲ್ಲ. ನಮ್ಮ ಓದುಗರಲ್ಲಿ ಯಾರೋ ಒಬ್ಬ ಹುಡುಗ ನಿಮ್ಮ ಮಾತು ನಂಬಿ ಕೈ ಹಾಕಿದರೆ ಏನು ಗತಿ?

ಮುಂದಿನ ಸಾಲು: ‘ಆಂಪ್‌ನಿಂದ ವಿಚಿತ್ರವಾದ ಗುಂಯ್ ಶಬ್ದ ಬರುತ್ತಿತ್ತು.’

ವಿಚಿತ್ರ ಅಂದರೆ ಹೇಗೆ? ವಾಲ್ಯೂಮ್ ತಿರುಗಿಸಿದಾಗ ಜಾಸ್ತಿಯಾಗುತ್ತಿತ್ತಾ, ಇದ್ದ ಹಾಗೇ ಇರುತ್ತಿತ್ತಾ? ಜಾಸ್ತಿಯಾದರೆ ಸಾಮಾನ್ಯವಾಗಿ ದೋಷ ವಾಲ್ಯೂಮ್‌ಗಿಂತ ಮುಂಚಿನ ಹಂತದಲ್ಲಿರುತ್ತದೆ. ಬದಲಾಗದಿದ್ದರೆ ಅದರ ನಂತರ. ಆಗ ಒಣಗಿಹೋದ ಫಿಲ್ಟರ್ ಕೆಪಾಸಿಟರ್ ಮೇಲೆ ಮೊದಲ ಅನುಮಾನ. ಅಮೆರಿಕದಲ್ಲಿ ಕರೆಂಟ್ 60 ಹರ್ಟ್ಸ್. ಈ ಕೆಪಾಸಿಟರ್ ಸೋತಾಗ ಕೇಳುವ ಗುಂಯ್ ಅದರ ಎರಡರಷ್ಟು, 120 ಹರ್ಟ್ಸ್. ನೀವು ಗಿಟಾರ್ ನುಡಿಸುವವರು. ಐದನೇ ತಂತಿಯ ಎರಡನೇ ಫ್ರೆಟ್ ಒತ್ತಿದರೆ ಬರುವ ಸ್ವರಕ್ಕಿಂತ ಅದು ಚೂರು ಕೆಳಗೆ. ನಿಮ್ಮ ಕಿವಿಗೆ ಅದು ಗೊತ್ತಾಗಿರಲೇಬೇಕು. ಹಾಗಿದ್ದೂ ‘ವಿಚಿತ್ರ’ ಅಂತ ಬರೆದು ಮುಂದೆ ಹೋಗಿದ್ದೀರಿ.

ಈ ತಪ್ಪು ನನಗೆ ಚೆನ್ನಾಗಿ ಗೊತ್ತು. ವಾರಪತ್ರಿಕೆಯೊಂದರಲ್ಲಿ ಕೆಲಸ ಕಲಿಯುತ್ತಿದ್ದಾಗ ಹಾಸನದ ಒಬ್ಬ ರೇಡಿಯೋ ರಿಪೇರಿಯವರ ಬಗ್ಗೆ ಬರೆದಿದ್ದೆ. ಎಡಗೈ ಬೆನ್ನ ಹಿಂದೆ ಕಟ್ಟಿಕೊಂಡು, ಬಲಗೈ ಒಂದರಲ್ಲೇ ಸೆಟ್ ಪರೀಕ್ಷಿಸುತ್ತಿದ್ದರು. ‘ತೋಟದಲ್ಲಿ ಅಡ್ಡಾಡುವ ಯಜಮಾನರ ಹಾಗೆ ನಿರಾಳವಾಗಿ’ ಅಂತ ಬರೆದೆ. ಆ ಸಾಲಿನ ಮೇಲೆ ನನಗೆ ತುಂಬಾ ಪ್ರೀತಿ. ನಮ್ಮ ಹಿರಿಯ ಉಪಸಂಪಾದಕರು ಅದರ ಕೆಳಗೆ ಪೆನ್ಸಿಲ್ ಗೆರೆ ಎಳೆದು, ‘ಕೈ ಯಾಕೆ ಹಿಂದೆ? ಕೇಳಿದ್ಯಾ?’ ಅಂದರು. ಕೇಳಿರಲಿಲ್ಲ. ಮಾರನೇ ದಿನ ಮತ್ತೆ ಬಸ್ ಹತ್ತಿದೆ. ಅವರು ಸೋಲ್ಡರಿಂಗ್ ಕಡ್ಡಿಯನ್ನು ಪೇಸ್ಟ್ ಡಬ್ಬಿಗೆ ಚುಯ್ ಅನ್ನಿಸುತ್ತಾ ಹೇಳಿದರು: ‘ಎರಡೂ ಕೈ ಒಳಗಿದ್ರೆ ಕರೆಂಟು ಈ ಕೈಯಿಂದ ಆ ಕೈಗೆ ಎದೆ ದಾಟ್ಕೊಂಡು ಹೋಗುತ್ತೆ ಸ್ವಾಮಿ.’ ನಿರಾಳ ಅಂತ ನಾನು ಬರೆದದ್ದು ಅವರ ದಿನನಿತ್ಯದ ಎಚ್ಚರಿಕೆಯನ್ನು. ಬಸ್‌ನಲ್ಲೇ ಆ ಪುಟ ಹರಿದು ಮತ್ತೆ ಬರೆದೆ.

ಇನ್ನು ಟ್ರಾನ್ಸ್‌ಫಾರ್ಮರ್ ಮೇಲಿನ ‘ನಿಗೂಢ ಅಂಕಿಗಳು’. ಅದರಲ್ಲಿ ನಿಗೂಢ ಏನೂ ಇಲ್ಲ. 606 ಅಂದರೆ ಟ್ರಾನ್ಸ್‌ಫಾರ್ಮರ್ ತಯಾರಿಸಿದ ಶುಮಾಕರ್ ಕಂಪನಿ. ನಂತರದ್ದು ವರ್ಷದ ಕೊನೆಯ ಅಂಕಿ, ಆಮೇಲೆ ವಾರ. 606532 ಅಂತಿದ್ದರೆ, ನಿಮ್ಮ ಆಂಪ್‌ನ ಕಪ್ಪು ಮುಖಫಲಕ ಅರವತ್ತರ ದಶಕದ್ದಾದ್ದರಿಂದ, ಅದು 1965ರ 32ನೇ ವಾರ. ಫುಲ್ಲರ್ಟನ್‌ನ ಫೆಂಡರ್ ಕಾರ್ಖಾನೆಯಲ್ಲಿ ಆಂಪ್ ಜೋಡಿಸಿದ್ದು ಅದಾದ ಮೇಲೆ. ಆ ಅಂಕಿಗಳನ್ನು ಹಾಗ್ಹಾಗೇ ಬರೆದು ಕಳಿಸಿ.

ಉಳಿದದ್ದನ್ನು ನಿಧಾನವಾಗಿ ತಿದ್ದಿ. ಜಾಗ ಇಟ್ಟಿರುತ್ತೇನೆ. ಆದರೆ ಕೊನೆಯಲ್ಲಿ ‘ಹಳೆಯದರ ಮೇಲಿನ ಗೌರವಕ್ಕೆ ಎರಡು ಪಿನ್ನಿನ ವೈರನ್ನು ಹಾಗೇ ಉಳಿಸಿದೆ’ ಎಂದಿದ್ದೀರಿ. ಆ ಕಾಲದ ಆಂಪ್‌ಗಳಲ್ಲಿ ಮೇನ್ಸ್ ಲೈನಿಂದ ಚಾಸಿಗೆ, ಅಂದರೆ ಒಳಗಿನ ಲೋಹದ ಚೌಕಟ್ಟಿಗೆ, ಒಂದು ಕೆಪಾಸಿಟರ್ ಇರುತ್ತದೆ. ಅದು ಶಾರ್ಟ್ ಆದರೆ ಗಿಟಾರ್ ತಂತಿಗೂ ಕರೆಂಟು ಬರಬಹುದು. ಅದನ್ನು ತೆಗೆಸಿ, ಅರ್ಥಿಂಗ್ ಇರುವ ಮೂರು ಪಿನ್ನಿನ ವೈರ್ ಹಾಕಿಸುವವರೆಗೆ ಮಗಳ ಕೈಗೆ ಗಿಟಾರ್ ಕೊಡಬೇಡಿ. ಹಾಕಿಸಿದ ದಿನ ನನಗೆ ಒಂದು ಸಾಲು ಬರೆಯಿರಿ.