ರೈತನಾಗಿದ್ದ ಅಪ್ಪನ ಬಗ್ಗೆ ಹೇಳೋಕೆ ಏನಿರುತ್ತೆ?

ಹಳ್ಳಿಯಲ್ಲಿ ಬೇಸಾಯ ಮಾಡಿಕೊಂಡಿದ್ದ ನಿಮ್ಮ ತಂದೆ ತೀರಿಕೊಂಡಿದ್ದಾರೆ, ತಿಥಿ ದಿನ ನಾಲ್ಕು ಮಾತಾಡಬೇಕು, ಆದರೆ ಸಾಧನೆ ಅಂತ ಹೇಳೋಕೆ ಏನೂ ಇಲ್ಲವಲ್ಲ ಅಂತ ಕೇಳಿದ್ದೀರಿ. ಇದೆ. ಅವರು ಏನು ಬಿತ್ತುತ್ತಿದ್ದರು, ಬೆಳೆದದ್ದರಲ್ಲಿ ಯಾರಿಗೆ ಎಷ್ಟು ಎತ್ತಿಡುತ್ತಿದ್ದರು, ಅದನ್ನು ಹೇಳಿ. ಮನೆಯವರ ಮೇಲೆ ಎಷ್ಟು ಜೀವ ಇಟ್ಟುಕೊಂಡಿದ್ದರು ಅನ್ನೋದು ಆ ಲೆಕ್ಕದಲ್ಲೇ ಸಿಗುತ್ತೆ. ನಮ್ಮಪ್ಪ ಬಾಯಿಬಿಟ್ಟು ಅಕ್ಕರೆ ತೋರಿಸಿದವರಲ್ಲ. ನನಗೆ ಅವರು ಅರ್ಥವಾಗಿದ್ದು ರಾಗಿಯ ಮೂಲಕ.

ನಮ್ಮದು ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕು. ಕೆಂಪು ಮಣ್ಣು, ಮಳೆ ನಂಬಿದ ಹೊಲ. ಅಪ್ಪ ಕೂರಿಗೆ ಹೊಡೆದರೆ ಹಿಂದೆಯೇ ಅಮ್ಮ ಬಿದಿರಿನ ಕೊಳವೆಯಲ್ಲಿ ಅಕ್ಕಡಿ ಕಾಳು, ಅಂದರೆ ರಾಗಿ ಸಾಲುಗಳ ನಡುವೆ ಹಾಕೋ ಬೇರೆ ಬೆಳೆಯ ಬೀಜ, ಬಿಡುತ್ತಾ ಬರುತ್ತಿದ್ದಳು. ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು. ಯಾವ ಸಾಲಿಗೆ ಯಾವ ಕಾಳು ಅನ್ನೋದು ಅಮ್ಮನ ತೀರ್ಮಾನ, ಅದರಲ್ಲಿ ಅಪ್ಪ ಬಾಯಿ ಹಾಕುತ್ತಿರಲಿಲ್ಲ. ರಾಗಿ ಕೊಯ್ದಾದ ಮೇಲೂ ಅವರೆ ಹೊಲದಲ್ಲಿ ನಿಂತಿರುತ್ತಿತ್ತು. ಇಬ್ಬನಿ ಬಿದ್ದು ಸೊಗಡು ಹಿಡಿದ ಮೊದಲ ಕಾಯಿ ಸಂತೆಗೆ ಹೋದರೆ ಒಳ್ಳೆ ದುಡ್ಡು. ಆದರೆ ಅದು ಹೋಗುತ್ತಿದ್ದದ್ದು ಅಕ್ಕನ ಗಂಡನ ಮನೆಗೆ. ಅಪ್ಪನೇ ಚೀಲ ಹೊತ್ತು ಬಸ್ ಹತ್ತಿ ಹೋಗಿ ಕೊಟ್ಟು, ಊಟ ಮಾಡಿಕೊಂಡು ಅವತ್ತೇ ವಾಪಸ್ ಬರುತ್ತಿದ್ದರು.

ಬಿತ್ತುತ್ತಿದ್ದದ್ದು ಇಂಡಾಫ್ ರಾಗಿ. ಮಂಡ್ಯದ ವಿ.ಸಿ. ಫಾರ್ಮ್ ಅನ್ನೋ ಕೃಷಿ ಸಂಶೋಧನಾ ಕೇಂದ್ರದಲ್ಲಿ ವಿಜ್ಞಾನಿ ಲಕ್ಷ್ಮಣಯ್ಯನವರು ನಮ್ಮ ರಾಗಿಯನ್ನೂ ಆಫ್ರಿಕಾದ ರಾಗಿಯನ್ನೂ ಸೇರಿಸಿ ಮಾಡಿದ ತಳಿ. ತಾತನ ಕಾಲಕ್ಕಿಂತ ಇಳುವರಿ ಎಷ್ಟೋ ಹೆಚ್ಚು. "ಆ ಪುಣ್ಯಾತ್ಮ ಇಲ್ಲದಿದ್ರೆ ನಿಮ್ಮನ್ನೆಲ್ಲ ಸಾಕೋಕಾಗ್ತಿರಲಿಲ್ಲ ಕಣ್ರೋ" ಅನ್ನೋರು. ಆಮೇಲೆ ಬೆಂಕಿ ರೋಗದ ಕಾಟ ಜಾಸ್ತಿಯಾಗಿ ಆ ರೋಗ ತಡೆಯುವ ಜಿಪಿಯು 28 ತಳಿಗೆ ಬಂದರು.

ಅಪ್ಪನದು ಒಂದೇ ನಿಯಮ. ಮುಂದಿನ ವರ್ಷದ ಪೈರು ಕೈಗೆ ಹತ್ತುತ್ತೆ ಅಂತ ಗೊತ್ತಾಗೋವರೆಗೂ ಈ ವರ್ಷದ ರಾಗಿ ಮಾರುವಂತಿಲ್ಲ. ಅದಕ್ಕೇ ಊರಲ್ಲಿ ಎಲ್ಲರೂ ಹಗೇವು, ಅಂದರೆ ಕಾಳು ತುಂಬಿಡೋ ನೆಲದೊಳಗಿನ ಗುಂಡಿ, ಮುಚ್ಚಿಬಿಟ್ಟರೂ ನಮ್ಮದು ಉಳಿದಿತ್ತು. ಮೇಲೆ ಒಬ್ಬ ಇಳಿಯುವಷ್ಟು ಬಾಯಿ, ಒಳಗೆ ಗುಡಾಣದ ಹಾಗೆ ಅಗಲ. ಸುತ್ತ ಹುಲ್ಲು ಒತ್ತಿ, ರಾಗಿ ತುಂಬಿ, ಚಪ್ಪಡಿ ಇಟ್ಟು ಮಣ್ಣು ಮೆತ್ತುವುದು. ಗಾಳಿಯಾಡದಿದ್ದರೆ ರಾಗಿ ವರ್ಷಗಟ್ಟಲೆ ಕೆಡುವುದಿಲ್ಲ.

2001ರಿಂದ 2003ರವರೆಗೆ ಸಾಲಾಗಿ ಬರ ಬಂತಲ್ಲ, ಆಗ ಅದನ್ನು ತೆಗೆದದ್ದು ನನಗೆ ಚೆನ್ನಾಗಿ ನೆನಪಿದೆ. ಚಪ್ಪಡಿ ಸರಿಸಿ ಬಹಳ ಹೊತ್ತು ಹಾಗೇ ಬಿಟ್ಟರು. ಒಳಗೆ ಕೆಟ್ಟ ಗಾಳಿ ಕಟ್ಟಿಕೊಂಡಿರುತ್ತೆ, ಅವಸರಪಟ್ಟು ಇಳಿದವರು ಸತ್ತದ್ದುಂಟು. ಆಮೇಲೆ ಹಗ್ಗಕ್ಕೆ ಲಾಟೀನು ಕಟ್ಟಿ ಇಳಿಬಿಟ್ಟರು. ಆರಿಹೋಯಿತು. ಸೊಪ್ಪಿನ ಕೊಂಬೆ ಒಳಗೆ ಆಡಿಸಿ, ಕಾದು, ಮತ್ತೆ ಬಿಟ್ಟರು. ದೀಪ ನಿಂತ ಮೇಲೆ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ತಾವೇ ಇಳಿದರು. ಹಗ್ಗದ ತುದಿ ಚಿಕ್ಕಪ್ಪನ ಕೈಲಿ. ಗೋಡೆ ಪಕ್ಕದ ರಾಗಿ ಕಪ್ಪಾಗಿ ಮುಗ್ಗಲು ಹಿಡಿದಿತ್ತು. ಅದು ದನಕ್ಕೆ. ನಡುವಿನದು ಮನೆಗೆ. ಆ ವರ್ಷ ಊರಲ್ಲಿ ರಾಗಿ ಕೊಂಡು ತಿಂದವರೇ ಜಾಸ್ತಿ, ನಾವು ಕೊಳ್ಳಲಿಲ್ಲ. ಪಕ್ಕದ ಮನೆಗೂ ಅಳೆದು ಕೊಟ್ಟರು, ಬೆಳೆ ಬಂದಾಗ ಕೊಟ್ಟರಾಯ್ತು ಅಂತ.

ಈ ನಿಯಮದಿಂದ ಅಮ್ಮನಿಗೆ ಕಷ್ಟವಾದದ್ದೂ ಇದೆ, ಅದನ್ನು ಮುಚ್ಚಿಡಬಾರದು. ಮನೆ ತುಂಬ ರಾಗಿ, ಕೈಯಲ್ಲಿ ಕಾಸಿಲ್ಲ. ನನ್ನ ಕಾಲೇಜಿನ ಫೀಸಿಗೆ ಅವಳ ಓಲೆ ಅಡ ಇಟ್ಟರು. ಬಿಡಿಸಿಕೊಂಡು ಬರೋವರೆಗೂ ಅಪ್ಪ ಹೊಸ ಪಂಚೆ ಉಡಲಿಲ್ಲ.

2018ರಲ್ಲಿ ರಾಗಿಯ ಬೆಂಬಲ ಬೆಲೆ ಕ್ವಿಂಟಾಲಿಗೆ 1900ರಿಂದ ಒಮ್ಮೆಗೇ 2897 ರೂಪಾಯಿಗೆ ಏರಿತು. ಸುಗ್ಗಿ ಮುಗಿದದ್ದೇ ಊರೆಲ್ಲ ಖರೀದಿ ಕೇಂದ್ರಕ್ಕೆ ಓಡಿತು. ಅಪ್ಪನಿಗೂ ಖುಷಿಯೇ. ಆ ಸಲ ತಮ್ಮ ನಿಯಮ ಸ್ವಲ್ಪ ಸಡಿಲಿಸಿದರು. ಆದರೂ ಮೊದಲು ಮನೆಗೆ, ಬಿತ್ತನೆಗೆ, ಅಕ್ಕನಿಗೆ, ಕುಲುಮೆಯವರಿಗೆ, ಬಡಗಿಗೆ ಅಂತ ಎತ್ತಿಟ್ಟು, ಉಳಿದದ್ದನ್ನಷ್ಟೇ ಟ್ರ್ಯಾಕ್ಟರಿಗೆ ಹಾಕಿಸಿದರು. ನೇಗಿಲು ಕುಳ ಕಾಯಿಸುವ ಕೆಲಸ ಹೆಚ್ಚುಕಡಿಮೆ ನಿಂತೇ ಹೋಗಿತ್ತು. ಆಯ, ಅಂದರೆ ಅವರ ವರ್ಷದ ಕೆಲಸಕ್ಕೆ ಸುಗ್ಗಿಯಲ್ಲಿ ಕೊಡೋ ಕಾಳು, ಮಾತ್ರ ನಿಲ್ಲಿಸಲಿಲ್ಲ. ಕೆಲಸ ಇಲ್ಲ ಅಂತ ಹೊಟ್ಟೆ ಸುಮ್ನಿರುತ್ತಾ ಅನ್ನೋರು.

ಅಕ್ಕನ ಮಗುವಿಗೆ ರಾಗಿಸರಿ ಶುರು ಮಾಡುವಾಗ ರಾಗಿ ಹಸನು ಮಾಡೋಕೆ ಅಮ್ಮನನ್ನೂ ನಂಬಲಿಲ್ಲ. ಕನ್ನಡಕ ಹಾಕಿಕೊಂಡು ಜಗಲಿ ಮೇಲೆ ಮೊರ ಇಟ್ಟುಕೊಂಡು ಕೂತರು. ರಾಗಿಯಷ್ಟೇ ಗಾತ್ರದ ಕೆಂಪು ಕಲ್ಲುಗಳು ನಮ್ಮ ಮಣ್ಣಿನಲ್ಲಿ ಬಹಳ. ಬೆರಳ ತುದಿಗೆ ಎಂಜಲು ಹಚ್ಚಿ ಒಂದೊಂದೇ ಎತ್ತಿ ಹಾಕುತ್ತಿದ್ದರು. ಎಂಜಲು ಯಾಕೆ ಅಂತ ಅಕ್ಕ ರೇಗಿದ್ದಕ್ಕೆ ಬಟ್ಟಲಲ್ಲಿ ನೀರು ತರಿಸಿಕೊಂಡರು, ಏಳಲಿಲ್ಲ.

ನೀವು ಇಂಥವನ್ನೇ ಕೇಳಿ ತಿಳಿದುಕೊಳ್ಳಿ. ಹೊಲದಲ್ಲಿ ಅಕ್ಕಡಿಗೆ ಏನೇನು ಹಾಕ್ತಿದ್ರು ಅಂತ ನಿಮ್ಮ ತಾಯಿಗೆ ಗೊತ್ತಿರುತ್ತೆ. ಕಣಕ್ಕೆ ಯಾರ್ಯಾರು ಬರ್ತಿದ್ರು, ಯಾರಿಗೆ ಎಷ್ಟು ಮೊರ ಹಾಕ್ತಿದ್ರು ಅನ್ನೋದನ್ನು ನಿಮ್ಮ ತಂದೆಯ ಜೊತೆ ಮುಯ್ಯಾಳಾಗಿ, ಅಂದರೆ ಕೂಲಿಯಿಲ್ಲದೆ ಒಬ್ಬರ ಹೊಲಕ್ಕೆ ಇನ್ನೊಬ್ಬರು ಹೋಗಿ ದುಡಿದವರು ಹೇಳುತ್ತಾರೆ. ತಿಥಿಗೆ ಹೇಗೂ ಎಲ್ಲರೂ ಬರುತ್ತಾರೆ, ಹಿಂದಿನ ದಿನವೇ ಒಂದಿಬ್ಬರು ಹಿರಿಯರ ಹತ್ತಿರ ಕೂತು ಬರೆದಿಟ್ಟುಕೊಳ್ಳಿ.